ತಲೆಯಲ್ಲಿ ನಾಣ್ಯದಗಲದ ಬೋಳು

ಮಗುವಿನ ತಲೆಯಲ್ಲಿ ನಾಣ್ಯದಗಲ ಕೂದಲುದುರಿದರೆ ಅಂಬಡಿನ ಮರಾಠಿ ನೆರೆಯವರು ‘ಚಾಯಿ’ ಎನ್ನುತ್ತಾರೆ. ನಾವು ‘ಹುಳು ತಿಂದಿದೆ’ ಎನ್ನುತ್ತೇವೆ. ನುಣ್ಣಗಿನ ಈ ಬೋಳಿಗೆ ಹುಳು ಕಾರಣವಲ್ಲ. ಇದು ಅಂಟುಜಾಡ್ಯವೂ ಅಲ್ಲ. ದೇಹವನ್ನು ಕಾಯಬೇಕಾದ ರಕ್ತಕಣಗಳೇ ಕೂದಲಿನ ಬುಡವನ್ನು ಹಗೆಯೆಂದು ಬಗೆದು ಮುತ್ತುತ್ತವೆ. ಬುಡ ಸಾಯದು, ಆದುದರಿಂದ ಅನೇಕರಿಗೆ ಕೂದಲು ತಾನಾಗಿ ಮರಳುತ್ತದೆ, ಕೆಲವೊಮ್ಮೆ ಮೊದಲು ಬೆಳ್ಳಗೆ.

ಬೆಳ್ಳುಳ್ಳಿ ತಿಕ್ಕಿ ಚರ್ಮ ಸುಡುವುದು ಬೇಡ. ಹೊಟ್ಟು, ತುರಿಕೆಯಿದ್ದರೆ ಅಂಟುವ ಗಜಕರ್ಣವಿರಬಹುದು; ಚರ್ಮವೈದ್ಯರೇ ನೋಡಿ ಹೇಳಬೇಕು. ಅವರು ಸ್ಟೀರಾಯ್ಡ್ ಮುಲಾಮು ಕೊಡುವರು. ದೊಡ್ಡವರಿಗೆ ಬೋಳಾದೆಡೆ ಚುಚ್ಚುಮದ್ದನ್ನೂ ಹಾಕುವರು. ಬಹಳ ಹಬ್ಬಿದ ವಯಸ್ಕರಿಗೆಂದು 2022ರಲ್ಲಿ ಅಮೆರಿಕ ಒಪ್ಪಿದ ಬಾರಿಸಿಟಿನಿಬ್ ಗುಳಿಗೆಯನ್ನು ರಕ್ತಪರೀಕ್ಷೆಯಿಲ್ಲದೆ ನುಂಗಲಾಗದು.

ಅಂಟುವುದಲ್ಲವೆಂದು ವೈದ್ಯರು ಹೇಳಿದ ಮೇಲೆ ಮಗುವಿನ ಹಾಸಿಗೆ, ಬಾಚಣಿಗೆ ಬೇರೆ ಮಾಡದಿರೋಣ. ಶಾಲೆಯ ಗುರುಗಳಿಗೂ ತಿಳಿಸೋಣ. ಕೂದಲು ಮರಳಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಮಗು ತಲೆತಗ್ಗಿಸದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.