ಕಂಬಳಿಯ ಗಂಜಿ, ರೇಷ್ಮೆಯ ಗೋಂದು

ಹುಣಿಸೆಯ ಹುಳಿಯನ್ನು ಬಳಸಿ ಬೀಜವನ್ನು ತಿಪ್ಪೆಗೆಸೆಯುವುದು ಪಟ್ಟಣದ ಅಡಿಗೆಮನೆಗಳ ರೂಢಿ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕಡೆ ಕಂಬಳಿ ನೇಯುವವರಿಗಾದರೋ ಆ ಬೀಜವೇ ಬೇಕು. ಅದರ ಹೊಟ್ಟು ತೆಗೆದು, ಅರೆದು, ನೀರಿನಲ್ಲಿ ಕುದಿಸಿದ ಗಂಜಿಯನ್ನು ಹಾಸಿಗೆ ಬಳಿದು ಒಣಗಿಸದಿದ್ದರೆ, ಕೈಯಲ್ಲಿ ನೂತ ಒರಟು ಉಣ್ಣೆಯ ಎಳೆ ಮಗ್ಗದ ಜಗ್ಗಾಟವನ್ನು ತಾಳದೆ ಹರಿಯುತ್ತದೆ. ಅಲ್ಲಿಂದ ಉತ್ತರಕ್ಕಿರುವ ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಕಸುಬಿನಲ್ಲಿ ಕ್ರಮ ಇದಕ್ಕೆ ವಿರುದ್ಧ. ಎಳೆಗೆ ಹುಟ್ಟಿನಿಂದಲೇ ಅಂಟಿಬಂದ ಗೋಂದನ್ನು ಸಾಬೂನು, ಸೋಡಾಗಳ ಬಿಸಿನೀರಿನಲ್ಲಿ ಬಿಡಿಸಿದ ಮೇಲೆಯೇ ರೇಷ್ಮೆಗೆ ಬಣ್ಣವೂ ಹೊಳಪೂ.

ಗಂಜಿಯಾಗಲಿ ಗೋಂದಾಗಲಿ, ಬಗೆದು ನೋಡಿದರೆ ಒಂದೇ ಸಂಸಾರಕ್ಕೆ ಸೇರಿದವು. ಅತ್ತ ನೀರಿನಂತೆ ಹರಿಯದ, ಇತ್ತ ಕಲ್ಲಿನಂತೆ ನಿಲ್ಲದ ಮೆದು ಪದಾರ್ಥಗಳ ಸಂಸಾರ ಅದು. ಅವುಗಳಲ್ಲಿ ಹೆಪ್ಪುಗಟ್ಟಿ ನಿಂತವನ್ನು ರಸಾಯನಶಾಸ್ತ್ರಜ್ಞರು ಜೆಲ್ ಎಂದು ಕರೆಯುತ್ತಾರೆ. ದಿನವೂ ಊಟಕ್ಕೆ ಬರುವ ಗಟ್ಟಿಮೊಸರೇ ಒಂದು ಜೆಲ್. ಅದರಲ್ಲಿ ಹೆಚ್ಚಿನ ಪಾಲು ನೀರು. ಆದರೂ ಪಾತ್ರೆಯನ್ನು ಓರೆ ಮಾಡಿದರೆ ಚೆಲ್ಲುವುದಿಲ್ಲ. ಹುಳಿಯೇರಿದಂತೆ ಹಾಲಿನ ಕೇಸೀನ್ ಎಂಬ ಪ್ರೋಟೀನಿನ ಕಣಗಳು ಒಂದನ್ನೊಂದು ಹಿಡಿದು ಬಲೆಯಾಗುತ್ತವೆ. ನೀರು ಆ ಬಲೆಯಲ್ಲಿ ಸೆರೆಯಾಗುತ್ತದೆ. ನೇಯುವವರಿಲ್ಲದ ಬಲೆ! ಹೀಗೆ ತಾವಾಗಿಯೇ ಹೆಣೆದುಕೊಳ್ಳುವ ಕ್ರಿಯೆಗೆ ಸ್ವಯಂಜೋಡಣೆಯೆಂದು ಹೆಸರು.

ಇದರ ಸೊಗಸನ್ನು ಕಾಣಬೇಕಾದರೆ ರೇಷ್ಮೆ ಹುಳುವಿನ ಹೊಟ್ಟೆಯನ್ನೇ ಹೊಗಬೇಕು. ಅದರ ಗ್ರಂಥಿಯಲ್ಲಿ ರೇಷ್ಮೆ ಇನ್ನೂ ಎಳೆಯಾಗಿರುವುದಿಲ್ಲ. ಸುಮಾರು ಕಾಲುಪಾಲು ಪ್ರೋಟೀನೂ ಉಳಿದದ್ದು ನೀರೂ ಆದ, ಜೆಲ್ಲಿನಂಥ ಮಂದದ್ರವವಾಗಿರುತ್ತದೆ. ಅದರ ತಿರುಳು ಫೈಬ್ರೋಯಿನ್. ಹೆಸರು ಒಂದಾದರೂ ಘಟಕಗಳು ಮೂರು: ಉದ್ದನೆಯ ಭಾರಸರಪಣಿ, ಗಿಡ್ಡನೆಯ ಹಗುರಸರಪಣಿ, ಪಿ೨೫ ಎಂಬ ಮತ್ತೊಂದು ಪ್ರೋಟೀನು. ಸರಪಣಿಗಳು ಆರಾರು, ಪಿ೨೫ ಒಂದು, ಈ ಲೆಕ್ಕದಲ್ಲಿ ಅವು ಕೂಡಿಕೊಳ್ಳುತ್ತವೆಂದು ಜಪಾನಿನ ಸಂಶೋಧಕರು ೨೦೦೦ದಲ್ಲಿ ತೋರಿಸಿದರು. ಹಗುರಸರಪಣಿಯಲ್ಲಿ ಹುಟ್ಟುದೋಷವಿರುವ ಹುಳುಗಳೂ ಉಂಟು. ಅವುಗಳ ಗೂಡಿನಲ್ಲಿ ಫೈಬ್ರೋಯಿನ್ ಇಲ್ಲವೆನ್ನುವಷ್ಟು ಕಡಿಮೆ. ಚಿಕ್ಕ ಒಡನಾಡಿ ಕೈಕೊಟ್ಟರೆ ಅಷ್ಟುದ್ದದ ಸರಪಣಿಯೂ ಹೊರಬರಲಾರದು. ಹುಳು ತಲೆಯಾಡಿಸಿ ಎಳೆಯುವಾಗ ದ್ರವದ ಆಮ್ಲತೆ ಬದಲಾಗಿ, ನೀರು ಹಿಂಗಿ, ಅಣುಗಳು ಸಾಲುಗೂಡಿ ನೂಲಾಗುತ್ತವೆ. ಮೇಲೆ ಲೇಪವಾಗುವ ಸೆರಿಸಿನ್ನೇ ಮೊಳಕಾಲ್ಮೂರಿನವರು ಬಿಡಿಸುವ ಗೋಂದು. ಗೂಡಿನ ರೇಷ್ಮೆಯ ತೂಕದಲ್ಲಿ ಅದು ಸುಮಾರು ಕಾಲುಭಾಗ! ಅದನ್ನು ಕೊಳೆನೀರೆಂದು ಚೆಲ್ಲುವುದು ಚಿಂತಿಸತಕ್ಕ ವಿಷಯ. ಗಾಢವಾದ ಸೆರಿಸಿನ್ ದ್ರಾವಣ ತಣಿದರೆ ಅದೂ ಜೆಲ್ಲಾಗುತ್ತದೆ. ಗಾಯದ ಪಟ್ಟಿಗೆ ಅದು ಒದಗೀತೇ ಎಂದು ಹಲವು ದೇಶಗಳ ಪ್ರಯೋಗಶಾಲೆಗಳು ಪರೀಕ್ಷಿಸಿವೆ.

ಹುಣಿಸೆ ಬೀಜದ ಸಂಗತಿ ಬೇರೆ. ಅದರ ಕ್ಸೈಲೋಗ್ಲೂಕನ್ ಎಂಬ ಶರ್ಕರಸರಪಣಿ ಬರಿಯ ನೀರಿನಲ್ಲಿ ಮಂದವಾಗುತ್ತದೆಯೇ ಹೊರತು ಹೆಪ್ಪುಗಟ್ಟುವುದಿಲ್ಲ. ಹೇರಳವಾಗಿ ಸಕ್ಕರೆಯನ್ನೋ ಆಲ್ಕೊಹಾಲನ್ನೋ ಬೆರೆಸಿದರೆ ಕಟ್ಟಿಕೊಳ್ಳುತ್ತದೆ. ನೇಕಾರರಿಗೆ ಅದು ಬೇಡ. ನೂಲಿನೊಳಗಿಳಿಯುವ ಮಂದವೇ ಸಾಕು.

ಇಂತಹ ಜೊತೆಗಾರಿಕೆಯನ್ನು ಪುಟ್ಟ ಅಣುಗಳಲ್ಲಿ ಸಾಧಿಸಿ ತೋರಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉದಯ್ ಮೈತ್ರ ಮತ್ತು ಅವರ ಸಂಗಡಿಗರು ಸೇರಿದ್ದಾರೆ. ಪಿತ್ತರಸದ ಆಮ್ಲದಿಂದ ತಯಾರಿಸಿದ, ಎಲೆಕ್ಟ್ರಾನ್ ಕೊಡಬಲ್ಲ ಅಣುವನ್ನೂ ಅದನ್ನು ಕೊಳ್ಳಬಲ್ಲ ಇನ್ನೊಂದನ್ನೂ ಕೂಡಿಸಿ, ೧೯೯೯ರಲ್ಲಿ ಅವರು ಸಾವಯವ ದ್ರವಗಳನ್ನು ಹೆಪ್ಪುಗಟ್ಟಿಸಿದರು. ಮುಂದೆ ಪಿತ್ತರಸದ ಲವಣಕ್ಕೆ ಟರ್ಬಿಯಂ ಎಂಬ ಲೋಹದ ಲವಣವನ್ನು ಬೆರೆಸಿ ನೀರನ್ನೇ ಜೆಲ್ಲಾಗಿಸಿದರು. ಅದಕ್ಕೆ ಮೂರನೆಯದೊಂದು ಅಣುವನ್ನು ಮೊಸರಿನ ಹೆಪ್ಪಿನಂತೆ ಕೊಂಚವೇ ಸೇರಿಸಿದರೆ, ನೇರಿಳಾತೀತ ಕಿರಣದಡಿ ಇಡೀ ಜೆಲ್ ಹಸಿರಾಗಿ ಬೆಳಗುತ್ತದೆ. ಆ ಅಣುವನ್ನು ಬೇರೊಂದಕ್ಕೆ ಕಟ್ಟಿಟ್ಟು, ಕಿಣ್ವವು ಕಟ್ಟನ್ನು ಬಿಡಿಸಿದಾಗಲೇ ಬೆಳಕು ಮೂಡುವಂತೆ ಮಾಡಿ, ಕಾಗದದ ಬಿಲ್ಲೆಯ ಮೇಲೆ ಕಿಣ್ವಗಳನ್ನು ಪತ್ತೆಹಚ್ಚುವ ಉಪಾಯವನ್ನೂ ಅವರು ಕಂಡುಕೊಂಡರು.

ಇದೇ ಸಂಸ್ಥೆಯ ಎರಡನೆಯ ಆವರಣ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ಅಮೃತಮಹಲ್ ಕಾವಲಿನ ಸುಮಾರು ೧,೫೦೦ ಎಕರೆ ಅದಕ್ಕೆ ದೊರೆತದ್ದು ೨೦೦೯ರ ಸುಮಾರಿಗೆ. ಬೇರೆ ಸಂಸ್ಥೆಗಳಿಗೂ ಹಂಚಿಹೋದ ಆ ಹುಲ್ಲುಗಾವಲಿನ ಪ್ರಶ್ನೆ ೨೦೧೩ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮುಂದೆ ಬಂದಿತು. ಕಂಬಳಿಯ ಉಣ್ಣೆ ಬರುವುದು ಇಂಥ ಹುಲ್ಲನ್ನು ಮೇಯುವ ಕುರಿಗಳಿಂದಲೇ ಎಂಬುದನ್ನು ವಿಜ್ಞಾನದ ಅಭಿಮಾನಿಗಳೂ ನೆನೆಯಬೇಕು. ಕುದಾಪುರದಲ್ಲಿ ಶಾಲಾಕಾಲೇಜುಗಳ ಅಧ್ಯಾಪಕರಿಗೆ ಪ್ರಯೋಗಸಹಿತ ತರಬೇತಿ ನಡೆಯುತ್ತದೆ. ಜೆಲ್ಲಿನ ಪಾಠಕ್ಕೆ ಬೇಕಾದ ಹುಣಿಸೆ ಬೀಜದ ಗಂಜಿ, ರೇಷ್ಮೆ ಕುದಿಸಿದ ನೀರು, ಎರಡೂ ಅಲ್ಲಿಗೆ ಬಸ್ಸಿನ ದಾರಿಯಷ್ಟೇ ದೂರ.