ಗಾಳಿಯಿಂದ ಹಾರುವ ಗುಂಡು, ತಾಳ್ಮೆಗೆ ಒಲಿಯುವ ಗುರಿ

ಜಾತ್ರೆಗೋ ಉರೂಸಿಗೋ ಹೋದವರೆಲ್ಲ ಬಲೂನಿಗೆ ಗುಂಡು ಹೊಡೆಯುವ ಅಂಗಡಿಯನ್ನು ಕಂಡೇ ಇರುತ್ತಾರೆ. ಹಲಗೆಯ ಮೇಲೆ ಸಾಲಾಗಿ ಕಟ್ಟಿದ ಬಣ್ಣಬಣ್ಣದ ಬಲೂನುಗಳು, ಎದುರಿಗೆ ಒಂದು ಹಳೆಯ ಏರ್‌ಗನ್. ಅಂಗಡಿಯವನು ಅದರ ನಳಿಗೆಯನ್ನು ಬಲವಾಗಿ ಮಡಚಿ, ಸೀಸದ ಪುಟ್ಟ ಗುಂಡನ್ನಿಟ್ಟು ಮಕ್ಕಳ ಕೈಗೆ ಕೊಡುತ್ತಾನೆ. ಒಂದು ಬಲೂನು ಒಡೆದರೂ ಮಕ್ಕಳಿಗೆ ಎಲ್ಲಿಲ್ಲದ ಹಿಗ್ಗು. ನಮ್ಮಲ್ಲಿ ಹೆಚ್ಚಿನವರಿಗೆ ಏರ್‌ಗನ್ ಎಂದರೆ ಇಷ್ಟೇ. ಅದೊಂದು ಆಟಿಕೆ ಅಥವಾ ತೋಟಕ್ಕೆ ಬರುವ ಹಕ್ಕಿ, ಮಂಗಗಳನ್ನು ಓಡಿಸುವ ಸಾಧನ.

ಆದರೆ ಇದೇ ಕುಟುಂಬಕ್ಕೆ ಸೇರಿದ ರೈಫಲ್ ಒಂದು ನಮ್ಮ ದೇಶದ ಕ್ರೀಡಾ ಚರಿತ್ರೆಯನ್ನೇ ಬದಲಿಸಿತು. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಕೊನೆಯ ಹೊಡೆತದಲ್ಲಿ 10.8 ಅಂಕ ಪಡೆದು ಚಿನ್ನ ಗೆದ್ದರು. ಒಲಿಂಪಿಕ್ಸ್‌ನಲ್ಲಿ ಭಾರತೀಯರೊಬ್ಬರು ವೈಯಕ್ತಿಕವಾಗಿ ಗೆದ್ದ ಮೊತ್ತಮೊದಲ ಚಿನ್ನ ಅದು. 2012ರ ಲಂಡನ್‌ನಲ್ಲಿ ಗಗನ್ ನಾರಂಗ್ ಇದೇ ಸ್ಪರ್ಧೆಯಲ್ಲಿ ಕಂಚು ಗೆದ್ದರು. 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ಎಂಬ ಯುವತಿ ಏರ್ ಪಿಸ್ತೂಲಿನಲ್ಲಿ ಎರಡು ಕಂಚಿನ ಪದಕ ತಂದರು. ಈ ಗೆಲುವುಗಳ ಬಳಿಕ ಪೇಟೆಗಳ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳೂ ಶೂಟಿಂಗ್ ಕಲಿಯಬೇಕೆಂದು ಕೇಳತೊಡಗಿದ್ದಾರೆ. ಕೇಳುವವಳು ಮಗಳಾದರೆ ಮನೆಯಲ್ಲಿ ಚರ್ಚೆ ಇನ್ನಷ್ಟು ಕಾವೇರುತ್ತದೆ. ಬಂದೂಕು ಹೆಣ್ಣುಮಕ್ಕಳಿಗೆ ಹೇಳಿದ್ದೇ? ನಮ್ಮ ಉಡುಪಿನಲ್ಲಿ ಅದು ಸಾಧ್ಯವೇ? ಧರ್ಮ ಏನನ್ನುತ್ತದೆ? ನೆರೆಹೊರೆಯವರು ಏನೆಂದಾರು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಮೊದಲು ಆ ರೈಫಲ್ ಹೇಗೆ ಕೆಲಸ ಮಾಡುತ್ತದೆಂದು ತಿಳಿಯುವುದು ಒಳ್ಳೆಯದು.

ಸ್ಪ್ರಿಂಗಿನಿಂದ ಸಿಲಿಂಡರಿಗೆ

ಜಾತ್ರೆಯ ಏರ್‌ಗನ್ನಿನೊಳಗೆ ಗಟ್ಟಿಯಾದ ಸ್ಪ್ರಿಂಗ್ ಇರುತ್ತದೆ. ನಳಿಗೆ ಮಡಚಿದಾಗ ಅದು ಕುಗ್ಗಿ ನಿಲ್ಲುತ್ತದೆ. ಕುದುರೆ ಎಳೆದೊಡನೆ ಸ್ಪ್ರಿಂಗ್ ಚಿಮ್ಮಿ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಅದರ ಮುಂದಿರುವ ಗಾಳಿ ಒತ್ತಿಕೊಂಡು ಗುಂಡನ್ನು ಹೊರಗೆ ತಳ್ಳುತ್ತದೆ. ತೊಂದರೆ ಇರುವುದು ಇಲ್ಲಿಯೇ. ಗುಂಡು ನಳಿಗೆಯಿಂದ ಹೊರಬೀಳುವ ಮೊದಲೇ ಪಿಸ್ಟನ್ನಿನ ಹೊಡೆತಕ್ಕೆ ಬಂದೂಕು ಹಿಂದಕ್ಕೂ ಮುಂದಕ್ಕೂ ಅಲುಗುತ್ತದೆ. ಪ್ರತಿ ಸಲವೂ ಒಂದೇ ಬಿಗಿಯಲ್ಲಿ ಹಿಡಿಯದಿದ್ದರೆ ಗುಂಡು ಬೇರೆ ಬೇರೆ ಕಡೆಗೆ ಹೋಗುತ್ತದೆ. ಅಲ್ಲದೆ ಪ್ರತಿ ಗುಂಡಿಗೂ ಆ ಸ್ಪ್ರಿಂಗನ್ನು ಮಡಚಲು ರಟ್ಟೆಯ ಬಲ ಬೇಕು. ಹತ್ತಿಪ್ಪತ್ತು ಹೊಡೆತಗಳಲ್ಲೇ ಮಕ್ಕಳ ಕೈ ಸೋಲುತ್ತದೆ.

ಈಗಿನ ಸ್ಪರ್ಧೆಯ ರೈಫಲ್‌ಗಳು ಬೇರೆ ಬಗೆಯವು. ಪ್ರಿಚಾರ್ಜ್ಡ್ ನ್ಯೂಮ್ಯಾಟಿಕ್, ಚಿಕ್ಕದಾಗಿ ಪಿಸಿಪಿ ಎಂದು ಅವುಗಳ ಹೆಸರು. ಮೊದಲೇ ಗಾಳಿ ತುಂಬಿಸಿಟ್ಟ ರೈಫಲ್ ಎಂದು ಅರ್ಥ. ನಳಿಗೆಯ ಕೆಳಗೆ ಒಂದು ಉದ್ದನೆಯ ಸಿಲಿಂಡರ್. ಅದರಲ್ಲಿ ಸುಮಾರು 200 ಬಾರ್ ಒತ್ತಡದಲ್ಲಿ ಗಾಳಿಯನ್ನು ತುಂಬಿಸಿರುತ್ತಾರೆ. ಕಾರಿನ ಟೈರಿನಲ್ಲಿರುವ ಒತ್ತಡ ಎರಡು ಬಾರ್‌ಗಿಂತ ತುಸು ಹೆಚ್ಚು ಅಷ್ಟೇ ಎಂದರೆ ಇದರ ಅಂದಾಜು ಸಿಗಬಹುದು. ಸಿಲಿಂಡರಿನ ಮುಂದೆ ರೆಗ್ಯುಲೇಟರ್ ಇದೆ. ಅಡುಗೆ ಗ್ಯಾಸಿನ ಸಿಲಿಂಡರಿಗೆ ನಾವು ಸಿಕ್ಕಿಸುವ ರೆಗ್ಯುಲೇಟರ್‌ನಂತೆಯೇ ಇದು ಕೂಡ ಒತ್ತಡವನ್ನು ಇಳಿಸಿ ಒಂದೇ ಸಮನಾಗಿರಿಸುತ್ತದೆ. ಕುದುರೆಯನ್ನು ಮುಟ್ಟಿದೊಡನೆ ಒಂದು ವಾಲ್ವ್ ಕ್ಷಣಮಾತ್ರ ತೆರೆದು ಮುಚ್ಚುತ್ತದೆ. ಅಳೆದು ಕೊಟ್ಟಷ್ಟೇ ಗಾಳಿ ಹೊರಬಂದು ಗುಂಡನ್ನು ತಳ್ಳುತ್ತದೆ. ಮೊದಲನೆಯ ಗುಂಡಿಗೂ ಅರವತ್ತನೆಯ ಗುಂಡಿಗೂ ವೇಗದಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಭುಜಕ್ಕೆ ಒದೆತವೂ ಇಲ್ಲ, ಕಿವಿಗಡಚಿಕ್ಕುವ ಸದ್ದೂ ಇಲ್ಲ.

ಇದರ ನಿಜವಾದ ಆಕರ್ಷಣೆ ಇರುವುದು ಇಲ್ಲಿಯೇ. ಯಂತ್ರದಲ್ಲಿ ದೋಷವಿಲ್ಲದಿರುವಾಗ ಗುರಿ ತಪ್ಪಿದರೆ ಅದಕ್ಕೆ ಕಾರಣ ಹಿಡಿದವರ ಕೈ, ಉಸಿರು ಮತ್ತು ಮನಸ್ಸು ಮಾತ್ರ. ನೆಪ ಹೇಳಲು ಎಡೆಯಿಲ್ಲ. ರಟ್ಟೆಯ ಬಲವೂ ಬೇಡವಾದ್ದರಿಂದ ಹುಡುಗ ಹುಡುಗಿ ಎಂಬ ಭೇದ ಇಲ್ಲಿ ಬಹಳ ಮಟ್ಟಿಗೆ ಅಳಿದುಹೋಗುತ್ತದೆ. ಗಾಲಿಕುರ್ಚಿಯಲ್ಲಿ ಕುಳಿತವರೂ ಸುಲಭವಾಗಿ ಗುಂಡು ತುಂಬಿಸಬಲ್ಲರು.

ಗಾಳಿಯ ಬಂದೂಕು ಹೊಸದೇನಲ್ಲ. 18ನೇ ಶತಮಾನದ ಕೊನೆಯಲ್ಲಿ ಆಸ್ಟ್ರಿಯಾದ ಸೇನೆ ಜಿರಾಂಡೋನಿ ಎಂಬ ಗಾಳಿ ರೈಫಲನ್ನು ಬಳಸುತ್ತಿತ್ತು. ಅದರ ಹಿಂಬದಿಯ ಹಿಡಿಯೇ ಗಾಳಿ ತುಂಬುವ ಕುಪ್ಪಿ. ಕೈಪಂಪಿನಿಂದ ಅದನ್ನು ತುಂಬಿಸಲು ಸಾವಿರಕ್ಕೂ ಹೆಚ್ಚು ಸಲ ಒತ್ತಬೇಕಾಗಿತ್ತು. ಅಂದು ಯುದ್ಧಕ್ಕೆಂದು ಹುಟ್ಟಿದ ಉಪಾಯ ಇಂದು ಕಾಗದದ ಮೇಲಿನ ಚುಕ್ಕೆಯನ್ನು ಹುಡುಕುವ ಆಟವಾಗಿದೆ.

ಅರ್ಧ ಮಿಲಿಮೀಟರಿನ ಚುಕ್ಕೆ

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಏರ್ ರೈಫಲ್ ಸ್ಪರ್ಧೆ ಪುರುಷರಿಗೂ ಮಹಿಳೆಯರಿಗೂ ಒಟ್ಟಿಗೇ ಸೇರ್ಪಡೆಯಾಯಿತು. ಸ್ಪರ್ಧಿ ನಿಂತುಕೊಂಡು 10 ಮೀಟರ್ ದೂರದ ಗುರಿಗೆ ಹೊಡೆಯಬೇಕು. ಇಡೀ ಗುರಿಯ ಅಗಲ 45.5 ಮಿಲಿಮೀಟರ್. ಅದರ ನಡುವಿನ ಹತ್ತು ಅಂಕದ ಚುಕ್ಕೆ ಕೇವಲ ಅರ್ಧ ಮಿಲಿಮೀಟರ್, ಅಂದರೆ ಲೇಖನಿಯ ತುದಿಯಿಂದ ಇಟ್ಟ ಒಂದು ಬಿಂದುವಿನಷ್ಟು. ಗುಂಡಿನ ದಪ್ಪ 4.5 ಮಿಲಿಮೀಟರ್, ತೂಕ ಅರ್ಧ ಗ್ರಾಂನ ಆಸುಪಾಸು. ರೈಫಲ್ 5.5 ಕಿಲೋಗ್ರಾಂ ಮೀರುವಂತಿಲ್ಲ. 75 ನಿಮಿಷಗಳಲ್ಲಿ 60 ಗುಂಡು ಹೊಡೆಯಬೇಕು. ಒಂದು ಹೊಡೆತಕ್ಕೆ ಹೆಚ್ಚೆಂದರೆ 10.9 ಅಂಕ, ಒಟ್ಟು 654. ಹಿಂದೆ ಮಹಿಳೆಯರಿಗೆ 40 ಗುಂಡುಗಳಷ್ಟೇ ಇದ್ದವು. 2018ರಿಂದ ಅವರಿಗೂ ಪುರುಷರಂತೆ 60 ಗುಂಡುಗಳು.

ಈ ಕ್ರೀಡೆಯಲ್ಲಿ ಓಟವಿಲ್ಲ, ನೆಗೆತವಿಲ್ಲ, ಮೈಗೆ ಮೈ ತಾಗುವುದಿಲ್ಲ. ಉಸಿರನ್ನು ಅರ್ಧ ಬಿಟ್ಟು ಒಂದೆರಡು ಕ್ಷಣ ತಡೆಯಬೇಕು. ಎದೆಬಡಿತಕ್ಕೂ ನಳಿಗೆಯ ತುದಿ ಅಲುಗುತ್ತದೆ. ಮನಸ್ಸಿನಲ್ಲಿ ಸಿಟ್ಟಿದ್ದರೆ, ಹಿಂದಿನ ಹೊಡೆತ ತಪ್ಪಿತಲ್ಲ ಎಂಬ ಚಿಂತೆಯಿದ್ದರೆ ಮುಂದಿನದೂ ತಪ್ಪುತ್ತದೆ. ಗುಂಡು ಹಾರಿದ ಮೇಲೂ ಒಂದು ಕ್ಷಣ ಅಲುಗಾಡದೆ ಗುರಿಯನ್ನೇ ನೋಡುತ್ತಿರಬೇಕು. ಟಿವಿಯ ರಿಮೋಟ್ ಮತ್ತು ಮೊಬೈಲಿನ ನಡುವೆ ಒಂದು ನಿಮಿಷವೂ ಸುಮ್ಮನೆ ಕೂರಲಾರದ ನಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಔಷಧ ಬೇರೆ ಇರಲಾರದು.

ಹಿಜಾಬ್ ಅಡ್ಡಿಯಾಗಲಿಲ್ಲ

ಶೂಟಿಂಗ್ ಸ್ಪರ್ಧೆಯ ಉಡುಪೇ ಮೈಮುಚ್ಚುವಂಥದ್ದು. ದಪ್ಪನೆಯ ಕೋಟು, ದಪ್ಪನೆಯ ಪ್ಯಾಂಟು, ಒಂದು ಕೈಗೆ ಗ್ಲೌಸ್. ತಲೆಗೆ ಸ್ಕಾರ್ಫ್ ಧರಿಸಿದರೆ ಗುರಿಗೇನೂ ತೊಡಕಿಲ್ಲ. ಇದಕ್ಕೆ ಉದಾಹರಣೆಗಳು ಬೇಕಷ್ಟಿವೆ.

ಕತರ್ ದೇಶ ಮೊದಲ ಬಾರಿ ಮಹಿಳೆಯರನ್ನು ಒಲಿಂಪಿಕ್ಸ್‌ಗೆ ಕಳಿಸಿದ್ದು 2012ರಲ್ಲಿ, ಲಂಡನ್ನಿಗೆ. ಅಂದು ಆ ದೇಶದ ಧ್ವಜ ಹಿಡಿದು ಮುಂದೆ ನಡೆದವರು ಏರ್ ರೈಫಲ್ ಸ್ಪರ್ಧಿ ಬಹಿಯಾ ಅಲ್ ಹಮದ್. ಅದೇ ಕ್ರೀಡಾಕೂಟದಲ್ಲಿ ಮಲೇಷ್ಯಾದ ನೂರ್ ಸುರ್ಯಾನಿ ಎಂಟು ತಿಂಗಳ ತುಂಬು ಗರ್ಭಿಣಿಯಾಗಿ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ನಿಂತರು. ಪದಕ ಬರಲಿಲ್ಲ, ಆದರೆ ಇಡೀ ಜಗತ್ತು ಅವರನ್ನು ಬೆರಗಿನಿಂದ ನೋಡಿತು. ಇರಾನಿನ ಸಾರಾ ಜವಾನ್‌ಮರ್ದಿ ಅಂಗವೈಕಲ್ಯವನ್ನು ಮೀರಿ ನಿಂತ ಮಹಿಳೆ. ಪ್ಯಾರಾಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲಿನಲ್ಲಿ ರಿಯೊ, ಟೋಕಿಯೊ, ಪ್ಯಾರಿಸ್ ಹೀಗೆ ಸತತ ಮೂರು ಸಲ ಚಿನ್ನ ಗೆದ್ದರು, ಹಿಜಾಬ್ ಧರಿಸಿಯೇ. ಪ್ಯಾರಿಸ್‌ನಲ್ಲಿ ಅದೇ ಸ್ಪರ್ಧೆಯ ಕಂಚು ನಮ್ಮ ದೇಶದ ರುಬಿನಾ ಫ್ರಾನ್ಸಿಸ್‌ಗೆ ದಕ್ಕಿತು.

ನಮ್ಮವರೇ ಆದ ಅವನಿ ಲೇಖರಾ ಅವರ ಕತೆಯನ್ನು ಪ್ರತಿ ತಾಯಿಯೂ ತನ್ನ ಮಗಳಿಗೆ ಹೇಳಬೇಕು. 2012ರಲ್ಲಿ ಕಾರು ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಅವರು ಗಾಲಿಕುರ್ಚಿ ಹಿಡಿದಾಗ ಇನ್ನೂ ಪುಟ್ಟ ಬಾಲಕಿ. ಬಿಂದ್ರಾರ ಆತ್ಮಕಥೆ ಆಕೆಗೆ ಸ್ಫೂರ್ತಿಯಾಯಿತು. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಏರ್ ರೈಫಲ್ ಚಿನ್ನ ಗೆದ್ದು ಪ್ಯಾರಾಲಿಂಪಿಕ್ಸ್ ಚಿನ್ನ ಪಡೆದ ಮೊದಲ ಭಾರತೀಯ ಮಹಿಳೆಯಾದರು. 2024ರಲ್ಲಿ ಮತ್ತೊಮ್ಮೆ ಅದೇ ಚಿನ್ನ.

ಇಸ್ಲಾಮ್ ಏನನ್ನುತ್ತದೆ?

ಗುರಿಯಿಡುವ ಕಲೆಯನ್ನು ಪ್ರವಾದಿ ಮುಹಮ್ಮದ್(ಸ) ಮೆಚ್ಚಿದ್ದರು. ಒಮ್ಮೆ ಅಸ್ಲಮ್ ಗೋತ್ರದವರು ಎರಡು ಪಂಗಡಗಳಾಗಿ ಬಿಲ್ವಿದ್ಯೆಯ ಸ್ಪರ್ಧೆ ನಡೆಸುತ್ತಿದ್ದರು. ಆ ದಾರಿಯಾಗಿ ಬಂದ ಪ್ರವಾದಿವರ್ಯರು(ಸ) ಅವರನ್ನು ಹುರಿದುಂಬಿಸಿ, ತಾವು ಒಂದು ಪಂಗಡದ ಕಡೆಗಿರುವುದಾಗಿ ಹೇಳಿದರು. ಕೂಡಲೇ ಎದುರು ಪಂಗಡ ಬಾಣ ಬಿಡುವುದನ್ನು ನಿಲ್ಲಿಸಿತು. ತಾವು ಅವರ ಪರ ಇರುವಾಗ ನಾವು ಹೇಗೆ ಬಾಣ ಬಿಡುವುದು ಎಂಬುದು ಅವರ ಸಂಕೋಚ. ಆಗ ಪ್ರವಾದಿ(ಸ), ಮುಂದುವರಿಸಿರಿ, ನಾನು ನಿಮ್ಮೆಲ್ಲರ ಜೊತೆಗಿದ್ದೇನೆ ಎಂದು ಸಮಾಧಾನಪಡಿಸಿದರು. ಸಹೀಹ್ ಬುಖಾರಿಯಲ್ಲಿ ಈ ಘಟನೆ ಇದೆ. ಆಟವೂ ಬೇಕು, ಆಟದಲ್ಲಿ ಯಾರ ಮನಸ್ಸೂ ನೋಯಬಾರದು ಎಂಬ ಪಾಠ ಎಷ್ಟು ಸೊಗಸಾಗಿದೆ!

ಪ್ರಸಿದ್ಧ ವಿದ್ವಾಂಸ ಇಬ್ನುಲ್ ಕಯ್ಯಿಮ್ ಅವರು ಕುದುರೆ ಸವಾರಿ ಮತ್ತು ಬಿಲ್ವಿದ್ಯೆಯ ಕುರಿತು ‘ಅಲ್ ಫುರೂಸಿಯ್ಯಾ’ ಎಂಬ ಗ್ರಂಥವನ್ನೇ ಬರೆದರು. ಸ್ಪರ್ಧೆಯ ಬಹುಮಾನದ ಬಗ್ಗೆಯೂ ಧರ್ಮಶಾಸ್ತ್ರದಲ್ಲಿ ಚರ್ಚೆಯಿದೆ. ಬಾಣ, ಒಂಟೆ, ಕುದುರೆ ಈ ಮೂರರ ಸ್ಪರ್ಧೆಗೆ ಬಹುಮಾನವಿಡಲು ಹದೀಸಿನಲ್ಲಿ ಅನುಮತಿಯಿದೆ. ಆದರೆ ಆಡುವವರೇ ಹಣ ಹೂಡಿ, ಸೋತವನದ್ದು ಗೆದ್ದವನಿಗೆ ಎಂದು ಪಣ ಕಟ್ಟಿದರೆ ಅದು ಜೂಜಿನ ಹಾದಿ.

ಅನುಮತಿಯ ಜೊತೆಗೆ ಎಚ್ಚರಿಕೆಯೂ ಇದೆ. ಇಬ್ನು ಉಮರ್(ರ) ಒಮ್ಮೆ ಹೋಗುತ್ತಿದ್ದಾಗ ಕೆಲವು ಯುವಕರು ಹಕ್ಕಿಯೊಂದನ್ನು ಕಟ್ಟಿಹಾಕಿ ಅದಕ್ಕೆ ಗುರಿಯಿಟ್ಟು ಬಾಣ ಬಿಡುತ್ತಿದ್ದರು. ಅವರನ್ನು ಕಂಡೊಡನೆ ಯುವಕರು ಚದುರಿ ಓಡಿದರು. ಜೀವವಿರುವುದನ್ನು ಗುರಿಹಲಗೆಯಾಗಿ ಮಾಡುವವರನ್ನು ಪ್ರವಾದಿ(ಸ) ಶಪಿಸಿದ್ದಾರೆಂದು ಅವರು ತಿಳಿಸಿದರು. ಬೆರಳುಗಳ ನಡುವೆ ಕಲ್ಲಿಟ್ಟು ಚಿಮ್ಮಿಸುವುದನ್ನೂ ಪ್ರವಾದಿ(ಸ) ತಡೆದಿದ್ದರು. ಅದರಿಂದ ಬೇಟೆಯೂ ಸಿಗದು, ಕಣ್ಣು ಹೋಗುತ್ತದೆ, ಹಲ್ಲು ಮುರಿಯುತ್ತದೆ ಎಂಬುದು ಕಾರಣ. ತನ್ನ ಸಹೋದರನತ್ತ ಆಯುಧ ತೋರಿಸುವುದನ್ನು, ಅದು ತಮಾಷೆಗಾದರೂ ಸರಿ, ಅವರು ಕಟುವಾಗಿ ನಿಷೇಧಿಸಿದ್ದಾರೆ. ಇಂದಿನ ಶೂಟಿಂಗ್ ರೇಂಜಿನ ಮೊದಲ ನಿಯಮವೂ ಇದೇ ಅಲ್ಲವೇ?

ಒಂದು ಗುಬ್ಬಿಯ ಕತೆ

ಏರ್‌ಗನ್ ಮತ್ತು ಹಕ್ಕಿ ಎಂದಾಗ ಡಾ. ಸಲೀಮ್ ಅಲಿಯವರನ್ನು ನೆನೆಯದಿರಲಾಗದು. ಮುಂಬಯಿಯಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು, ಸೋದರಮಾವ ಅಮೀರುದ್ದೀನ್ ತಯ್ಯಬ್ಜಿಯವರ ಮನೆಯಲ್ಲಿ ಬೆಳೆದ ಬಾಲಕ ಅವರು. ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದರು. ನೋಡಿದರೆ ಅದರ ಕತ್ತಿನ ಮೇಲೆ ಹಳದಿ ಮಚ್ಚೆ. ಇದೆಂಥ ಹಕ್ಕಿ ಎಂದು ಮಾವನನ್ನು ಕೇಳಿದರು. ಮಾವ ಗದರಿಸಲಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋಗಿ ಕೇಳುವಂತೆ ದಾರಿ ತೋರಿಸಿದರು. ಅಲ್ಲಿ ಕಂಡ ಹಕ್ಕಿಗಳ ಸಂಗ್ರಹ ಆ ಬಾಲಕನ ಬದುಕನ್ನೇ ಬದಲಿಸಿತು. ಮುಂದೆ ಅವರು ಭಾರತದ ಪಕ್ಷಿಶಾಸ್ತ್ರದ ಪಿತಾಮಹರಾದರು. 1985ರಲ್ಲಿ ಪ್ರಕಟವಾದ ಆತ್ಮಕಥೆಗೆ ಆ ಗುಬ್ಬಿಯ ನೆನಪಿನಲ್ಲೇ ಹೆಸರಿಟ್ಟರು.

ಆದರೆ ಏರ್‌ಗನ್ ಹಿಡಿದ ಹುಡುಗರೆಲ್ಲ ಸಲೀಮ್ ಅಲಿ ಆಗುವುದಿಲ್ಲ. ಅರುಣಾಚಲ ಪ್ರದೇಶದಲ್ಲಿ ಏರ್‌ಗನ್‌ಗಳಿಂದ ಹಕ್ಕಿಗಳ ಸಂತತಿಯೇ ನಶಿಸುತ್ತಿರುವುದನ್ನು ಕಂಡು 2021ರಲ್ಲಿ ಅಲ್ಲಿನ ಸರಕಾರ ಏರ್‌ಗನ್ ಒಪ್ಪಿಸುವ ಅಭಿಯಾನ ಆರಂಭಿಸಿತು. ಹಳ್ಳಿಯ ಜನ ತಾವಾಗಿ ಬಂದು ಬಂದೂಕು ಒಪ್ಪಿಸಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರವೂ ಕಾಡುಹಕ್ಕಿಗಳ ಬೇಟೆ ಅಪರಾಧ. ಮಗನ ಕೈಗೆ ರೈಫಲ್ ಕೊಡುವ ತಾಯಿ ಮೊದಲು ಕೊಡಬೇಕಾದದ್ದು ಈ ತಿಳುವಳಿಕೆ.

ಹೆತ್ತವರ ಗಮನಕ್ಕೆ

ಮನೆಯ ಹಿತ್ತಲಲ್ಲಿ ಅಲ್ಲ, ತರಬೇತಿ ಇರುವ ಕ್ಲಬ್ಬಿನಲ್ಲೇ ಕಲಿಯಲಿ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ರೈಫಲ್ ಅಸೋಸಿಯೇಷನ್ ಇದೆ. ನಮ್ಮ ರಾಜ್ಯದ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲಿನ ಬೆಳ್ಳಿ ಗೆದ್ದವರು. ಮಗಳ ಜೊತೆ ತಾಯಿಯೂ ಹೋಗಿ ಕೂರಬಹುದು.

ಒಳ್ಳೆಯ ಪಿಸಿಪಿ ರೈಫಲಿನ ಬೆಲೆ ಲಕ್ಷಗಳಲ್ಲಿದೆ. ಮೊದಲ ದಿನವೇ ಕೊಳ್ಳುವ ಅಗತ್ಯವಿಲ್ಲ. ಕ್ಲಬ್ಬಿನ ರೈಫಲಿನಲ್ಲಿ ಅಭ್ಯಾಸ ಮಾಡಿ, ಆಸಕ್ತಿ ನಿಲ್ಲುತ್ತದೋ ಇಲ್ಲವೋ ನೋಡಿ. ಇದಕ್ಕಾಗಿ ಬಡ್ಡಿಯ ಸಾಲ ಮಾಡುವುದಂತೂ ಬೇಡವೇ ಬೇಡ.

ಸಿಲಿಂಡರಿಗೆ ಶುದ್ಧ ಒಣಗಾಳಿಯನ್ನೇ ತುಂಬಿಸಬೇಕು. ಆಮ್ಲಜನಕವನ್ನು ತುಂಬಿಸಿದರೆ ಸ್ಫೋಟದ ಅಪಾಯವಿದೆ. ತಯಾರಕರು ಹೇಳಿದ ಅವಧಿ ಮುಗಿದ ಸಿಲಿಂಡರನ್ನು ಬಳಸಬಾರದು. ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲಿ. ಗುಂಡು ಸೀಸದ್ದಾದ್ದರಿಂದ ಅಭ್ಯಾಸ ಮುಗಿದೊಡನೆ ಸೋಪಿನಿಂದ ಕೈ ತೊಳೆಯಬೇಕು. ಆಮೇಲೆಯೇ ಊಟ ತಿಂಡಿ. ಮಕ್ಕಳೂ ಗರ್ಭಿಣಿಯರೂ ಈ ವಿಷಯದಲ್ಲಿ ಹೆಚ್ಚು ಜಾಗ್ರತೆ ವಹಿಸಬೇಕು. ಮನೆಯಲ್ಲಿ ರೈಫಲ್ ಇದ್ದರೆ ಬೀಗದೊಳಗಿರಲಿ, ಗುಂಡು ಬೇರೆ ಕಡೆ ಇರಲಿ.

ಕಾನೂನಿನ ವಿಷಯ. 2016ರ ಶಸ್ತ್ರಾಸ್ತ್ರ ನಿಯಮಗಳಂತೆ 4.5 ಮಿಲಿಮೀಟರ್ ನಳಿಗೆಯ, 20 ಜೂಲ್ ಮೀರದ ಶಕ್ತಿಯ ಏರ್ ರೈಫಲಿಗೆ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ರೈಫಲಿನ ಶಕ್ತಿ ಸುಮಾರು 7.5 ಜೂಲ್ ಮಾತ್ರ. ಹಾಗಿದ್ದರೂ ಖರೀದಿಯ ರಸೀದಿ, ಕ್ಲಬ್ಬಿನ ಸದಸ್ಯತ್ವದ ಕಾರ್ಡು ಜೊತೆಗಿರಬೇಕು. ರೈಫಲನ್ನು ಪೆಟ್ಟಿಗೆಯೊಳಗಿಟ್ಟೇ ಸಾಗಿಸಬೇಕು. ಬಂದೂಕು ಹಿಡಿದು ಫೋಟೊ ತೆಗೆದು ಮೊಬೈಲಿನಲ್ಲಿ ಹಂಚುವ ಹುಚ್ಚಾಟ ಖಂಡಿತ ಬೇಡ.

ನಮ್ಮ ಸಮುದಾಯದ ಮಗು ರೈಫಲ್ ಹಿಡಿದರೆ ಜನ ಬೇರೆ ಅರ್ಥ ಕಲ್ಪಿಸಿಯಾರು ಎಂಬ ಅಳುಕು ಅನೇಕ ಮನೆಗಳಲ್ಲಿದೆ. ಈ ಅಳುಕನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಅಳುಕಿಗೆ ಮದ್ದು ಅಡಗಿಕೊಳ್ಳುವುದಲ್ಲ, ಎಲ್ಲವನ್ನೂ ತೆರೆದಿಡುವುದು. ಉತ್ತರ ಪ್ರದೇಶದ ಶಹಝರ್ ರಿಝ್ವಿ 2018ರ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಚಿನ್ನ ಗೆದ್ದಾಗ, ಮೈರಾಜ್ ಅಹ್ಮದ್ ಖಾನ್ 2022ರ ವಿಶ್ವಕಪ್‌ನಲ್ಲಿ ಸ್ಕೀಟ್ ಚಿನ್ನ ಗೆದ್ದಾಗ ಮೇಲೇರಿದ್ದು ತ್ರಿವರ್ಣ ಧ್ವಜವೇ. ಮಗಳು ಅಭ್ಯಾಸ ಮಾಡುವ ರೇಂಜಿಗೆ ಪಕ್ಕದ ಮನೆಯವರನ್ನೂ ಒಮ್ಮೆ ಕರೆದೊಯ್ಯಿರಿ. ಅವರ ಮಗಳೂ ಸೇರಿಕೊಂಡರೆ ಆಶ್ಚರ್ಯವಿಲ್ಲ.

ಸಹೋದರಿಯರೇ, ಪದಕ ಎಲ್ಲರಿಗೂ ಸಿಗುವುದಿಲ್ಲ. ಆದರೆ ಉಸಿರನ್ನು ಹತೋಟಿಯಲ್ಲಿಡಲು, ಸಿಟ್ಟನ್ನು ನುಂಗಲು, ತಪ್ಪಿದ ಗುರಿಗೆ ಇತರರನ್ನು ದೂರದಿರಲು ಕಲಿತ ಮಗಳು ಮುಂದೆ ಯಾವ ಮನೆಗೆ ಹೋದರೂ, ಯಾವ ಕೆಲಸಕ್ಕೆ ನಿಂತರೂ ಸೋಲುವವಳಲ್ಲ. ನಮಾಝಿನ ಹೊತ್ತು ತಪ್ಪದಂತೆ, ಓದು ಕೆಡದಂತೆ, ಜೀವಿಗಳಿಗೆ ನೋವಾಗದಂತೆ ನೋಡಿಕೊಳ್ಳುವ ಷರತ್ತು ಹಾಕಿ. ಆ ಷರತ್ತಿಗೆ ಅವಳು ಒಪ್ಪಿದರೆ ನೀವೂ ಒಪ್ಪಿಗೆ ಕೊಡಿ. ಗುರಿ ಅರ್ಧ ಮಿಲಿಮೀಟರಿನದ್ದೇ ಇರಬಹುದು, ಅದನ್ನು ಹುಡುಕುತ್ತಾ ಅವಳು ಗಳಿಸುವ ಸಂಯಮ ಬದುಕಿನುದ್ದಕ್ಕೂ ಬಾಳುವಂಥದ್ದು.