ತಾಳೆಯಾದ ಲೆಕ್ಕ: ಗುಲಾಮಗಿರಿ ಮೇಲೆ ಅಮೆರಿಕ ಮಾಡಿಕೊಂಡ ರಾಜಿಗಳು

ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ರು: ಗುಲಾಮಗಿರಿ ವಿಷಯಕ್ಕೆ ಅಮೆರಿಕದಲ್ಲಿ 1861ರಲ್ಲಿ ಅಂತರ್ಯುದ್ಧವೇ ಆಯ್ತಲ್ಲ, ಅದಕ್ಕೆ ಮೊದಲು ಮಾತುಕತೆಯಲ್ಲಿ ಬಗೆಹರಿಸೋಕೆ ಯಾರೂ ನೋಡಲಿಲ್ವಾ? ನೋಡಿದ್ರು. ಒಂದಲ್ಲ, ಹಲವು ಸಲ. ಇವತ್ತು ಆ ರಾಜಿಗಳ ಬಗ್ಗೆ ಮಾತಾಡೋಣ.

1819ರ ಕೊನೆಗೆ ಅಮೆರಿಕದಲ್ಲಿ 22 ರಾಜ್ಯಗಳಿದ್ದವು. ಗುಲಾಮಗಿರಿ ನಿಷೇಧಿಸಿದ ಅಥವಾ ಹಂತ ಹಂತವಾಗಿ ಕೈಬಿಡ್ತಿದ್ದ ರಾಜ್ಯ 11, ಇಟ್ಟುಕೊಂಡಿದ್ದ ರಾಜ್ಯ 11. ಸೆನೆಟ್‌ನಲ್ಲಿ ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ, ತಲಾ ಇಬ್ಬರೇ ಸದಸ್ಯರು. ಅಲ್ಲಿಗೆ ಎರಡೂ ಕಡೆ ಸಮ. ಕೆಳಮನೆಯಲ್ಲಿ ಹಾಗಲ್ಲ, ಜನಸಂಖ್ಯೆ ಪ್ರಕಾರ ಸೀಟು. ಅಲ್ಲಿ ಉತ್ತರದ್ದೇ ಮೇಲುಗೈ. ಐವರು ಗುಲಾಮರನ್ನು ಮೂವರು ಅಂತ ಲೆಕ್ಕ ಹಿಡಿದು ದಕ್ಷಿಣಕ್ಕೆ ಹೆಚ್ಚುವರಿ ಸೀಟು ಕೊಟ್ಟರೂ ಸಾಲ್ತಿರಲಿಲ್ಲ. ಹೌದು, ಸೀಟಿನ ಲೆಕ್ಕಕ್ಕೆ ಅವರು ಬೇಕು, ಓಟು ಮಾತ್ರ ಇಲ್ಲ. ಹಾಗಾಗಿ ದಕ್ಷಿಣದ ಬಲ ಇದ್ದದ್ದು ಸೆನೆಟ್‌ನಲ್ಲಿ.

ಈ ಹೊತ್ತಲ್ಲೇ ಮಿಸೌರಿ ತನ್ನನ್ನೂ ರಾಜ್ಯ ಮಾಡಿ ಅಂತ ಕೇಳ್ತು. ನ್ಯೂಯಾರ್ಕ್‌ನ ಜೇಮ್ಸ್ ಟಾಲ್‌ಮ್ಯಾಡ್ಜ್ ಒಂದು ತಿದ್ದುಪಡಿ ತಂದ್ರು: ಮಿಸೌರಿಗೆ ಹೊಸದಾಗಿ ಗುಲಾಮರನ್ನು ತರುವಂತಿಲ್ಲ, ಅಲ್ಲಿ ಗುಲಾಮರಿಗೆ ಹುಟ್ಟುವ ಮಕ್ಕಳಿಗೆ 25 ವರ್ಷಕ್ಕೆ ಬಿಡುಗಡೆ. ಕೆಳಮನೆ ಒಪ್ಪಿತು, ಸೆನೆಟ್ ಒಪ್ಪಲಿಲ್ಲ.

1820ರಲ್ಲಿ ರಾಜಿ ಆಯ್ತು. ಮ್ಯಾಸಚೂಸೆಟ್ಸ್‌ನಿಂದ ಬೇರ್ಪಟ್ಟ ಮೇನ್ ಗುಲಾಮಗಿರಿ ಇಲ್ಲದ ರಾಜ್ಯ, ಮಿಸೌರಿ ಇರುವ ರಾಜ್ಯ. 12-12. ಜೊತೆಗೆ, 1803ರಲ್ಲಿ ಫ್ರಾನ್ಸ್‌ನಿಂದ ಕೊಂಡಿದ್ದ ಲೂಸಿಯಾನಾ ಪ್ರದೇಶದ ಮೇಲೆ ಒಂದು ಗೆರೆ: 36 ಡಿಗ್ರಿ 30 ನಿಮಿಷ ಅಕ್ಷಾಂಶದ ಉತ್ತರಕ್ಕೆ, ಮಿಸೌರಿ ಬಿಟ್ಟು, ಗುಲಾಮಗಿರಿ ಇಲ್ಲ.

ನಾನು ಬಿ.ಕಾಂ. ಓದಿದವನು. ಅಕೌಂಟ್ಸ್‌ನಲ್ಲಿ ಮೊದಲ ವರ್ಷವೇ ಹೇಳಿಕೊಡ್ತಾರೆ: ಟ್ರಯಲ್ ಬ್ಯಾಲೆನ್ಸ್ ತಾಳೆ ಆದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. ತತ್ವದಲ್ಲೇ ತಪ್ಪಿದ್ರೆ ಎರಡೂ ಕಡೆ ಮೊತ್ತ ಸಮ ಬರುತ್ತೆ, ತಪ್ಪು ಒಳಗೇ ಉಳಿಯುತ್ತೆ. ಇಲ್ಲಿ ಆದದ್ದೂ ಅದೇ. ಮನುಷ್ಯರನ್ನು ಆಸ್ತಿ ಅಂತ ಬರೆದುಕೊಂಡ ಮೇಲೆ ಕೂಡಿಸಿ ಕಳೆಯೋದರಲ್ಲಿ ಏನಿದೆ?

1850ರಲ್ಲಿ ಮತ್ತೊಂದು ರಾಜಿ. ಕ್ಯಾಲಿಫೋರ್ನಿಯಾ ಗುಲಾಮಗಿರಿ ಇಲ್ಲದ ರಾಜ್ಯವಾಗಿ ಸೇರಿತು. ಬದಲಿಗೆ ದಕ್ಷಿಣಕ್ಕೆ ಸಿಕ್ಕಿದ್ದು ಓಡಿಹೋದ ಗುಲಾಮರನ್ನು ಹಿಡಿದುಕೊಡುವ ಕಠಿಣ ಕಾನೂನು. ಸಿಕ್ಕಿಬಿದ್ದವರಿಗೆ ಜ್ಯೂರಿ ಇಲ್ಲ, ತಮ್ಮ ಪರವಾಗಿ ಸಾಕ್ಷಿ ನುಡಿಯೋಕೂ ಅವಕಾಶ ಇಲ್ಲ. ತೀರ್ಮಾನ ಮಾಡುವ ಕಮಿಷನರ್‌ಗೆ ಫೀಸು ಎಷ್ಟು ಗೊತ್ತಾ? ಬಿಡುಗಡೆ ಮಾಡಿದ್ರೆ 5 ಡಾಲರ್, ಮಾಲೀಕನಿಗೆ ಒಪ್ಪಿಸಿದ್ರೆ 10 ಡಾಲರ್. ಕಾಗದಪತ್ರದ ಕೆಲಸ ಜಾಸ್ತಿ ಅಂತ ಸಮಜಾಯಿಷಿ.

1854ರಲ್ಲಿ ಸೆನೆಟರ್ ಸ್ಟೀಫನ್ ಡಗ್ಲಸ್ ತಂದ ಕಾಯ್ದೆ ಆ ಹಳೇ ಗೆರೆಯನ್ನೇ ಅಳಿಸಿತು. ಕನ್ಸಾಸ್, ನೆಬ್ರಾಸ್ಕಾದ ವಲಸಿಗರೇ ಓಟು ಹಾಕಿ ತೀರ್ಮಾನಿಸಲಿ ಅಂತ. ಕನ್ಸಾಸ್‌ಗೆ ಎರಡೂ ಕಡೆಯವರು ನುಗ್ಗಿದ್ರು, ರಕ್ತ ಹರೀತು.

ಕೊನೆಗೆ ಡ್ರೆಡ್ ಸ್ಕಾಟ್. ಮಿಸೌರಿಯ ಈ ಗುಲಾಮನನ್ನು ಮಾಲೀಕ ಗೆರೆಯ ಉತ್ತರಕ್ಕೆ, ಇವತ್ತಿನ ಮಿನ್ನೆಸೋಟಾದ ಫೋರ್ಟ್ ಸ್ನೆಲ್ಲಿಂಗ್‌ಗೆ ಕರೆದೊಯ್ದು ಇರಿಸಿದ್ದ. ಸ್ವತಂತ್ರ ನೆಲದಲ್ಲಿ ಬದುಕಿದ್ದೇನೆ, ಹಾಗಾಗಿ ನಾನೂ ಸ್ವತಂತ್ರ ಅಂತ ಸ್ಕಾಟ್ ಕೋರ್ಟಿಗೆ ಹೋದರು. 1857ರಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ತಳ್ಳಿಹಾಕಿತು. ಕಪ್ಪು ಜನ ಅಮೆರಿಕದ ನಾಗರಿಕರೇ ಅಲ್ಲ, ಆ ಗೆರೆ ಎಳೆಯುವ ಅಧಿಕಾರವೇ ಸಂಸತ್ತಿಗೆ ಇರಲಿಲ್ಲ ಅಂದಿತು. ನಾಲ್ಕು ವರ್ಷಕ್ಕೆ ಯುದ್ಧ.

ರಾಜಿಗಳು ದೇಶವನ್ನು 40 ವರ್ಷ ಒಟ್ಟಿಗೆ ಇಟ್ಟವು ಅಂತ ಹೇಳೋರಿದ್ದಾರೆ. ಅದು ಸುಳ್ಳಲ್ಲ. ಆದರೆ ಅದರ ಬೆಲೆ ಕೊಟ್ಟವರು ಯಾರು ಅಂತಲೂ ನೋಡಬೇಕಲ್ವಾ? ಟಾಲ್‌ಮ್ಯಾಡ್ಜ್ ತಿದ್ದುಪಡಿ ಜಾರಿ ಆಗಿದ್ರೆ, 1822ರಲ್ಲಿ ಮಿಸೌರಿಯಲ್ಲಿ ಗುಲಾಮಳೊಬ್ಬಳಿಗೆ ಹುಟ್ಟಿದ ಮಗುವಿಗೆ 1847ರಲ್ಲಿ ಬಿಡುಗಡೆ. ಮಿಸೌರಿ ಗುಲಾಮಗಿರಿ ರದ್ದು ಮಾಡಿದ್ದು 1865ರ ಜನವರಿಯಲ್ಲಿ. ನಡುವೆ 18 ವರ್ಷ. ರಾಜಿ ಮೇಜಿನ ಸುತ್ತ ಕೂತವರ ಯಾರ ಖಾತೆಯಲ್ಲೂ ಅದು ಖರ್ಚು ಬೀಳಲಿಲ್ಲ.